ಮೂರು ಗೇರೋ, ನಾಲ್ಕು ಗೇರೋ

ಶಿಗ್ಗಾಂವಿ,
ತಾ. ೨೧–೨–೧೯೬೦, ರವಿವಾರ

ಪ್ರೀತಿಯ ತಮ್ಮ ಗೋಣೆಪ್ಪನಿಗೆ ಅಣ್ಣ ಹೊಳಬಸಪ್ಪನ ಆಶೀರ್ವಾದ.

ನಿನ್ನ ಮೈ ಹೇಗಿದೆ? ಹೋದ ತಿಂಗಳು ಅವ್ವ ಬೆಳಗಾವಿ ಜೇಲಿಗೆ ಬಂದು ನಿನ್ನನ್ನು ನೋಡಿದಾಗ ನಿನಗೆ ಕೆಮ್ಮು ಇತ್ತಂತೆ. ಮಾತಿನ ನಡುವೆ ಮುಖ ತಿರುಗಿಸಿ ಕೆಮ್ಮುತ್ತಿದ್ದೆ ಎಂದಳು. ಈಗ ಇಳಿದಿದೆಯೇ? ಬೆಳಗಾವಿಯ ಚಳಿ ನಮ್ಮ ಕಡೆಯ ಚಳಿಯಂತಲ್ಲ, ನೆಲದಿಂದ ಏರುತ್ತದೆ. ಕಂಬಳಿ ಒಂದೇ ಇದ್ದರೆ ಅರ್ಧ ಹಾಸಿಕೋ, ಅರ್ಧ ಹೊದ್ದುಕೋ. ಅವ್ವ ತಂದ ಶೇಂಗಾ ಚಟ್ನಿಯನ್ನು ಒಳಗೆ ಬಿಟ್ಟರೋ ಇಲ್ಲವೋ, ಅವಳಿಗೆ ಅದೇ ಚಿಂತೆ. ಅವಳ ಮೊಣಕಾಲು ನೋವು ಹಾಗೆಯೇ ಇದೆ. ಆದರೂ ಬರುವ ಗುರುವಾರ ಶಿವರಾತ್ರಿ ಉಪವಾಸ ಬಿಡುವುದಿಲ್ಲ ಎಂದು ಈಗಲೇ ಹಟ ಹಿಡಿದಿದ್ದಾಳೆ. ನಿನಗಿಂತ ಮೊದಲು ಈ ಪತ್ರವನ್ನು ಓದುವ ಜೇಲಿನ ಸಾಹೇಬರಿಗೂ ನನ್ನ ನಮಸ್ಕಾರ. ಇದರಲ್ಲಿ ಎಂಜಿನ್, ಗೇರುಗಳ ಮಾತೇ ಹೆಚ್ಚು, ಬೇಸರ ಮಾಡಿಕೊಳ್ಳಬಾರದು.

ನೀನು ಒಳಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ನೋಡಲೂ ಬರಲಿಲ್ಲ. ಅವ್ವ ಹೇಳಿಯೇ ಇರುತ್ತಾಳೆ, ಎಲ್ಲರ ಎದುರಿಗೂ ಹೇಳುತ್ತಾಳೆ: "ನನ್ನ ಹಿರೇಮಗನ ಸಂಗಡ ಮಾತಾಡೂದಕ್ಕಿಂತ ಗೋಡಿ ಸಂಗಡ ಮಾತಾಡೂದು ಛಲೋ. ಗೋಡಿ ಆದ್ರ ಒಮ್ಮೆಮ್ಮೆ ಮಣ್ಣರೆ ಉದುರಸ್ತೈತಿ." ದಿನವೂ ದಿನಚರಿಯಲ್ಲಿ ನಾಲ್ಕು ಸಾಲು ಬರೆಯುವ ನನ್ನ ಚಟ ನಿನಗೆ ಗೊತ್ತು. ಯಾವ ಗಾಡಿ ಬಂತು, ಮಳೆ ಎಷ್ಟಾಯಿತು, ಊರಲ್ಲಿ ಯಾರು ತೀರಿದರು. ನನ್ನಾಕೆ, ನಿನ್ನ ವೈನಿ, ತೀರಿಹೋದ ಮೇಲೆ ಅವಳ ಹೆಸರನ್ನು ಅದರಲ್ಲಿ ಬರೆಯಲು ಕೂತರೆ ಸಾವಂತ್ರವ್ವ ಎಂಬಷ್ಟು ಬರೆದು ಪೆನ್ನು ನಿಂತುಬಿಡುತ್ತದೆ. ಹಾಗಾಗಿ ನಿನಗೆ ಏನು ಬರೆಯಬೇಕೋ ನನಗೆ ತಿಳಿಯುವುದಿಲ್ಲ. ಎಂಜಿನ್ ವಿಷಯವಾದರೆ ಬರೆಯಬಲ್ಲೆ. ಅದನ್ನೇ ಬರೆಯುತ್ತೇನೆ, ಉಳಿದದ್ದು ಅದರ ಹಿಂದೆ ಬಂದರೆ ಬರಲಿ.

ಸವಣೂರಿನ ಮಹಮ್ಮದಗೌಸನ ನೆನಪಿದೆಯಲ್ಲ? ವೀಳ್ಯದೆಲೆ ವ್ಯಾಪಾರದವರ ಮಗ, ಎಲೆ ಬಾಡುವುದರೊಳಗೆ ಮುಂಬೈಗೆ ಹೋಗುವ ರೈಲು ಹಿಡಿಯಬೇಕೆಂದು ತಾನೇ ಗಾಡಿ ಹಾರಿಸಿಕೊಂಡು ಹೋಗುತ್ತಿದ್ದನಲ್ಲ, ಅವನೇ. ಬೆಳಗಾವಿ ಕಡೆ ಯುದ್ಧದ ಕಾಲದ ವಿಮಾನದ ಬಯಲೊಂದರಲ್ಲಿ ಯುಗಾದಿ ಆದ ಮೇಲೆ ಮೋಟಾರುಗಳ ಓಟ ಇಟ್ಟಿದ್ದಾರಂತೆ. ಎರಡೆರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ. ನಿಶಾನೆ ಬಿದ್ದ ಕೂಡಲೇ ನಿಂತಲ್ಲಿಂದ ಹೊರಟು ನೆಟ್ಟಗೆ ಕಾಲು ಮೈಲು ಓಡಬೇಕು. ಅಷ್ಟೇ. ಮೊದಲು ಮುಟ್ಟಿದವನು ಗೆದ್ದ. ಇದನ್ನು ಕೇಳಿ ನಮ್ಮ ಗ್ಯಾರೇಜಿನ ಮೇಸ್ತ್ರಿ ಅಕ್ಬರಸಾಬ ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ಕೇಳಿದ: "ತಿರುವಿಲ್ಲ, ಹೇರಿಲ್ಲ, ಮುಂದ ಊರಿಲ್ಲ. ಅಷ್ಟ ಜೋರಾಗಿ ಹೋಗಿ ಅಲ್ಲಿಂದ ತರೂದೇನ್ರಿ ಮಾಲಕ್ರ?" ಗೌಸ ನಕ್ಕು, "ಹೆಸರು ತರೂದು ಚಾಚಾ," ಎಂದ. "ಹೆಸರ ಹೇರಾಕ ಗಾಡಿ ಯಾಕ ಬೇಕು, ಕಿಸೆದಾಗ ಹಿಡಸ್ತೈತಿ," ಎಂದು ಅಕ್ಬರಸಾಬ ಮತ್ತೆ ಗಾಡಿಯ ಕೆಳಗೆ ಹೋದ. ಕೊನೆಗೆ ಗೌಸ ನನ್ನ ಕಡೆ ತಿರುಗಿ, "ಹೊಳಬಸಪ್ಪಣ್ಣ, ಖರ್ಚು ಕಡಿಮಿ ಆಗ್ಬೇಕು, ಓಟ ಕಡಿಮಿ ಆಗಬಾರ್ದು. ಅಬ್ಬಾಗ ಗೊತ್ತಾತಂದ್ರ ಎಲಿ ಜೋಡಿ ನನ್ನನ್ನೂ ಪೆಂಡಿ ಕಟ್ಟಿ ಮುಂಬೈಗೆ ಕಳಸ್ತಾರ," ಎಂದ.

ಅವರ ಮನೆಯ ಹಿತ್ತಲಲ್ಲಿ ಅವನ ಅಜ್ಜನ ಕಾಲದ ಅಮೆರಿಕದ ಮೋಟಾರು ಬಿದ್ದಿತ್ತು. ಯಾರೋ ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದು ಅದು ಸೀಳಿಹೋಗಿತ್ತು. ಚಾಸಿ ಗಟ್ಟಿಯಿದೆ, ಹಿಂದಿನ ಅಚ್ಚು ಚೆನ್ನಾಗಿದೆ, ಮೂರು ಗೇರಿನ ಪೆಟ್ಟಿಗೆಯೂ ಕೆಟ್ಟಿಲ್ಲ. ಅದನ್ನು ಎತ್ತು ಹೂಡಿ ನಮ್ಮ ಗ್ಯಾರೇಜಿಗೆ ಎಳೆಸಿ ತಂದ. ಮೇಲಿನ ತಗಡು, ಬಾಗಿಲು, ಹಿಂದಿನ ಕುರ್ಚಿ ಎಲ್ಲ ಬಿಚ್ಚಿಸಿದೆ. ಉಳಿದದ್ದು ನಾಲ್ಕು ಗಾಲಿ, ಒಂದು ಆಸನ, ಸ್ಟೇರಿಂಗು. ಪ್ರಶ್ನೆ ಇದ್ದದ್ದು ಅದರ ಹೊಟ್ಟೆಗೆ ಯಾವ ಎಂಜಿನ್ ಎಂಬುದು. ಗೌಸನಿಗೆ ದೊಡ್ಡ ಡೀಸೆಲ್ ಲಾರಿಯ ಎಂಜಿನ್ ಮೇಲೆ ಆಸೆ. ನಾನು ಹೇಳಿದೆ, ಅದು ಹೇರು ಎಳೆಯುವ ಎತ್ತು, ದಿನವಿಡೀ ಎಳೆಯುತ್ತದೆ. ಆದರೆ ದೀಪಾವಳಿಯಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಓಡಲು ಬಿಟ್ಟಾಗ ಅದು ಅಖಾಡದ ಬಾಯಲ್ಲಿ ಹೇಗೆ ಚಿಮ್ಮುತ್ತದೆ ನೋಡಿದ್ದೀಯಲ್ಲ, ನಮಗೆ ಬೇಕಾದದ್ದು ಆ ಚಿಮ್ಮು. ಹುಬ್ಬಳ್ಳಿಯ ಗುಜರಿಯಲ್ಲಿ ಮಿಲಿಟರಿಯವರು ಮಾರಿದ ಜೀಪಿನ ಎಂಜಿನ್ ಅಗ್ಗಕ್ಕೆ ಸಿಗುತ್ತಿತ್ತು. ಹೋಗಿ ನೋಡಿಯೂ ಬಂದೆವು. ನಾಲ್ಕು ಸಿಲಿಂಡರು, ಬಲು ಗಟ್ಟಿ. ಕೆಸರಿನಿಂದ ಎದ್ದು ಬರುವುದಕ್ಕೆ ಅದರಂಥದ್ದು ಇನ್ನೊಂದಿಲ್ಲ, ಆದರೆ ಅದರ ಶಕ್ತಿಯೆಲ್ಲ ಮೊದಲ ಹೆಜ್ಜೆಗಳಲ್ಲೇ ತೀರಿ ಆಮೇಲೆ ಏದುಸಿರು ಬಿಡುತ್ತದೆ. ಸಣ್ಣ ಕಾರಿನ ಎಂಜಿನ್ ಹಗುರ, ಆಡಿನ ಮರಿಯ ಹಾಗೆ ಜಿಗಿಯುತ್ತದೆ, ಆದರೆ ಮರಿ ಮರಿಯೇ. ಹೀಗೆ ಒಂದೊಂದನ್ನೇ ತಳ್ಳುತ್ತ ಬಂದಾಗ ಉಳಿದದ್ದು ಯಾವುದೆಂದು ನನಗೂ ಗೊತ್ತಿತ್ತು, ಅಕ್ಬರಸಾಬನಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಗೌಸನೇ ಅಂಗಳದ ಕಡೆ ನೋಡಿ ಮೆಲ್ಲಗೆ ಕೇಳಿದ: "ಆ ತಾಡಪತ್ರಿ ಕೆಳಗಿರೂದು ಎಂಟು ಸಿಲಿಂಡರಿಂದು ಅಲ್ಲೇನಣ್ಣ?"

ಹೌದು, ನಮ್ಮ ಲಾರಿ. ಪೊಲೀಸರು ಅಪಘಾತದ ಪಂಚನಾಮೆ ಮುಗಿಸಿ ತಂದು ಬಿಟ್ಟ ದಿನ ನಾನು ಅದರ ಮೇಲೆ ತಾಡಪತ್ರಿ ಹಾಕಿ ಹಗ್ಗ ಬಿಗಿದಿದ್ದೆ. ಆಮೇಲೆ ಮುಟ್ಟಿಲ್ಲ. ಗ್ಯಾರೇಜಿಗೂ ಮನೆಗೂ ನಡುವೆ ಇರುವ ಅಂಗಳ ಎಷ್ಟೆಂದು ನಿನಗೆ ಗೊತ್ತು. ಬಾವಿಗೆ ಹೋಗಬೇಕಾದರೂ ಅದನ್ನು ಬಳಸಿ ಹೋಗಬೇಕು, ಅಡುಗೆಮನೆಯ ಕಿಟಕಿ ತೆಗೆದರೂ ಅದೇ. ಮಾರಲು ಮನಸ್ಸಾಗಲಿಲ್ಲ, ರಿಪೇರಿಗೂ ಕೈ ಏಳಲಿಲ್ಲ. ದಾವಣಗೆರೆಯಲ್ಲಿ ಒಂದು ಗ್ಯಾರೇಜಿನವರು ನನ್ನನ್ನು ಕರೆದರು, ಹೋಗೋಣವೆಂದು ಟ್ರಂಕು ಕಟ್ಟಿದೆ. ಅವ್ವ, "ಅಂವ ಜೇಲ ಬಿಟ್ಟು ಬಂದಾಗ ಮನಿಯಾಗ ಯಾರ ಇರಬೇಕೊ?" ಎಂದಳು. ಟ್ರಂಕು ಬಿಚ್ಚಿದೆ. ಹಿರೇಕೆರೂರಿಗೆ ಹೋಗಿ ಮಗಳು ಸರೋಜಾಳ ಹತ್ತಿರ ಇರೋಣವೆಂದರೆ ಅಲ್ಲಿ ಗುದ್ಲೆಪ್ಪ ಮಾವ. ಅವನು ಅವ್ವನ ಒಡಹುಟ್ಟಿದ ತಮ್ಮ, ನಮ್ಮಿಬ್ಬರನ್ನೂ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಸೋದರಮಾವ, ಆಮೇಲೆ ನನಗೆ ಮಗಳನ್ನು ಕೊಟ್ಟ ಮಾವ. ನಿನ್ನ ವೈನಿಯನ್ನು ಮಣ್ಣು ಮಾಡಿ ಬಂದ ದಿನ ಅವನು ಎಲ್ಲರ ಮುಂದೆ ಆಡಿದ ಮಾತು ಅವ್ವ ನಿನಗೆ ಹೇಳಿದ್ದಾಳೋ ಇಲ್ಲವೋ, ನಾನೇ ಬರೆಯುತ್ತೇನೆ: "ಆ ಗೋಣ್ಯಾ ಈ ಮನಿ ಹೊಸ್ತಿಲಾ ತುಳದ್ರ, ನನ್ನ ಮೊಮ್ಮಗಳು ಈ ಹೊಸ್ತಿಲಾ ತುಳಿಯೂದಿಲ್ಲ." ಸರೋಜಾ ಅಂದಿನಿಂದ ಅಲ್ಲೇ ಇದ್ದಾಳೆ. ಹೋಳಿ ಹುಣ್ಣಿಮೆ ಆದ ಮೇಲೆ ನಿನ್ನ ಬಿಡುಗಡೆ. ಅವ್ವ ನಿನ್ನ ಖೋಲಿಗೆ ಸುಣ್ಣ ಹೊಡೆಸಿದ್ದಾಳೆ. ಅವಳು ಸುಣ್ಣದ ಗಡಿಗೆ ಹಿಡಿದು ನಿಂತಾಗ ನಾನು ನೋಡಿಯೂ ನೋಡದವನ ಹಾಗೆ ಗ್ಯಾರೇಜಿಗೆ ಬಂದುಬಿಟ್ಟೆ.

ಕೊನೆಗೆ ಗೌಸನಿಗೆ ಹೂಂ ಎಂದೆ. ತಾಡಪತ್ರಿ ಬಿಚ್ಚಿದಾಗ ಅದರ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು. ನಿನ್ನ ವೈನಿ ಕೂತಿದ್ದ ಎಡಗಡೆಯ ಬಾಗಿಲ ಕಡೆ ನಾನು ಹೋಗಲಿಲ್ಲ. ಆ ಕಡೆಯ ಬೋಲ್ಟುಗಳನ್ನೆಲ್ಲ ಅಕ್ಬರಸಾಬನೇ ಬಿಚ್ಚಿದ. ಮೂರು ಬಿದಿರು ನಿಲ್ಲಿಸಿ, ಸರಪಳಿ ಹಾಕಿ ಎಂಜಿನ್ ಎತ್ತಿದೆವು. ಗೋಣೆಪ್ಪ, ಅದಕ್ಕೆ ಏನೂ ಆಗಿರಲಿಲ್ಲ. ಮುಂದಿನ ತಗಡೆಲ್ಲ ಒಳಗೆ ಹೋಗಿದೆ, ರೇಡಿಯೇಟರು ಹಪ್ಪಳ, ಎಂಜಿನ್ನಿಗೆ ಮಾತ್ರ ಗೀರು ಬಿದ್ದಿಲ್ಲ. ಕಾರೂ ಲಾರಿಯೂ ಒಂದೇ ಕಂಪನಿಯವಾದ್ದರಿಂದ ಕಾರಿನ ಚಾಸಿಯ ಮೇಲೆ ಕೂರಿಸಿದರೆ ತೂತಿಗೆ ತೂತು ಕೂಡಿತು. ಹೊಸ ಬೋಲ್ಟು ಕೂಡ ಬೇಕಾಗಲಿಲ್ಲ. ಎಣ್ಣೆ ಬದಲಿಸಿ, ಪ್ಲಗ್ಗು ತಿಕ್ಕಿ ತಿರುಗಿಸಿದೆವು. ಮೂರನೇ ಸಲಕ್ಕೆ ಹತ್ತಿತು. ಅದೇ ಸದ್ದು. ಅವ್ವ ಒಳಗಿನಿಂದ ಓಡಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ನೀನು ಸಂತೆಯಿಂದ ಬಂದೆ ಎಂದುಕೊಂಡಳೋ ಏನೋ. ನಾನು ಕೇಳಲಿಲ್ಲ.

ಇನ್ನು ಗೇರಿನ ಪ್ರಶ್ನೆ. ನಿನ್ನ ಅಭಿಪ್ರಾಯ ಕೇಳಬೇಕೆಂದು ಅನಿಸಿದ್ದು ಇಲ್ಲಿಯೇ. ಕಾರಿನ ಮೂರು ಗೇರಿನ ಪೆಟ್ಟಿಗೆ ಹಗುರ. ಮೇಲಿನ ಎರಡು ಗೇರಿಗೆ ಒಳಗೆ ಹಿತ್ತಾಳೆಯ ಬಳೆ ಇದೆ, ಹಲ್ಲುಗಾಲಿಗಳ ವೇಗವನ್ನು ಅದೇ ಸರಿಮಾಡಿಕೊಳ್ಳುತ್ತದೆ. ಕ್ಲಚ್ಚು ಒಮ್ಮೆ ತುಳಿದು ತಳ್ಳಿದರೆ ಮದುವೆಗೆ ಬಂದ ಬೀಗರು ಕೂಡ ಹಾಕಬಹುದು. ಆದರೆ ಹಲ್ಲು ಸಣ್ಣ. ನಿಂತಲ್ಲಿಂದ ಎಂಟು ಸಿಲಿಂಡರಿನ ಪೆಟ್ಟು ಒಮ್ಮೆಲೇ ಬಿದ್ದರೆ ಉದುರಿಹೋದೀತೆಂಬ ಭಯ. ನಮ್ಮ ಲಾರಿಯ ನಾಲ್ಕು ಗೇರಿನದು ಕಲ್ಲುಗುಂಡಿನಂಥ ಪೆಟ್ಟಿಗೆ, ಯಾವ ಪೆಟ್ಟನ್ನೂ ತಡೆಯುತ್ತದೆ. ಆದರೆ ಭಾರ. ಮೊದಲನೆಯ ಗೇರು ಹೇರಿದ ಗಾಡಿಗೆ ಮಾಡಿದ್ದು, ಹಗುರ ಗಾಡಿಯಲ್ಲಿ ನಿಶಾನೆ ನೆಲ ಮುಟ್ಟುವುದರೊಳಗೆ ಅದು ಮುಗಿದಿರುತ್ತದೆ. ಮೇಲಾಗಿ ಅದರಲ್ಲಿ ಬಳೆಯಿಲ್ಲ. ಎರಡು ಸಲ ಕ್ಲಚ್ಚು ತುಳಿಯಬೇಕು, ಎಂಜಿನ್ನಿನ ಸದ್ದು ಕೇಳಿ, ವೇಗ ಕೂಡುವ ಗಳಿಗೆ ಹಿಡಿದು ಹಾಕಬೇಕು, ತಪ್ಪಿದರೆ ಹಲ್ಲಿಗೆ ಹಲ್ಲು ಕಚ್ಚಿ ಕಿರ್ರೆನ್ನುತ್ತದೆ. ಅದನ್ನು ಕ್ಲಚ್ಚೇ ಮುಟ್ಟದೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಹಾಕುತ್ತಿದ್ದವನು ಈ ರಸ್ತೆಯಲ್ಲಿ ಒಬ್ಬನೇ. ಗೌಸನೂ ಅದನ್ನೇ ಹೇಳಿದ: "ಗೋಣೆಪ್ಪಣ್ಣ ಬರೂದಾದ್ರ ನಾಲ್ಕನ ಹಾಕ್ರಿ. ಅಂವ ಕುಂತ್ರ ಪೆಟ್ಟಿಗಿ ಹಾಡತೈತಿ. ಬರೂದಿಲ್ಲಂದ್ರ ಮೂರು ಹಾಕ್ರಿ, ನಾನ ಹೊಡಿತೇನಿ." ಅವ್ವ ಇದನ್ನು ಕೇಳಿಸಿಕೊಂಡಳು. ಅಂದಿನಿಂದ ದಿನಾ ಊಟಕ್ಕೆ ಬಡಿಸುವಾಗ ಕೇಳುತ್ತಾಳೆ, ಅವಳಿಗೆ ಗೇರು ಎಂದರೆ ಏನೆಂದೂ ಗೊತ್ತಿಲ್ಲ: "ಮೂರೋ ನಾಲ್ಕೋ? ಏನ್ ಮಾಡಿದಿ?"

ಇನ್ನು ಸ್ಟೇರಿಂಗು ಮುಟ್ಟುವುದಿಲ್ಲ ಎಂದು ನೀನು ಹೇಳಿದ್ದನ್ನು ಅವ್ವ ನನಗೆ ಹೇಳಿದ್ದಾಳೆ. ಬಿಟ್ಟ ದಿನ ಜೇಲಿನ ಬಾಗಿಲಿನಿಂದಲೇ ಮುಂಬೈ ಕಡೆ ಹೋಗಿಬಿಡುತ್ತೇನೆ ಎಂದೂ ಹೇಳಿದೆಯಂತೆ. ಆದರೂ ನಾಲ್ಕನ್ನೇ ಹಾಕೋಣ, ಹಾಕಿದ್ದೇವೆಂದು ಕೇಳಿದರೆ ನೀನು ಬಂದೀ ಎಂದು ಒಮ್ಮೆ ಅನ್ನಿಸಿತು. ಬರುವುದು ಬೇಡ ಎಂದೂ ಅನ್ನಿಸಿತು. ಎರಡೂ ಒಂದೇ ದಿನ ಅನ್ನಿಸಿದ್ದು. ಹಾಕುವ ಮೊದಲು ತೊಳೆದು ನೋಡಬೇಕಲ್ಲ ಎಂದು ಒಂದು ಮಧ್ಯಾಹ್ನ ಅಕ್ಬರಸಾಬನೂ ನಾನೂ ಆ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆವು.

ಎಣ್ಣೆ ಬಸಿಯುವಾಗಲೇ ಅಕ್ಬರಸಾಬ ಬಾಣಲೆಯಲ್ಲಿ ಬೆರಳಾಡಿಸಿದ. ತಳದಲ್ಲಿ ಉಕ್ಕಿನ ಪುಡಿ, ಬಿಸಿಲಿಗೆ ಅಭ್ರಕದ ಹಾಗೆ ಮಿನುಗುತ್ತಿತ್ತು. ಹಲ್ಲುಗಾಲಿಗಳನ್ನು ಹೊರಗೆ ತೆಗೆದು ಚಿಮಣಿ ಎಣ್ಣೆಯಲ್ಲಿ ತೊಳೆದೆವು. ನಿನಗೆ ನೆನಪಿರಬೇಕು, ಆ ವರ್ಷ ದಸರೆಯ ಮುಂಚೆ ನಾನೇ ಆ ಪೆಟ್ಟಿಗೆಗೆ ಹೊಸ ಗಾಲಿಗಳನ್ನು ಹಾಕಿ ಮುಚ್ಚಿದ್ದೆ. ಪ್ರತಿ ಹಲ್ಲಿನ ತುದಿಯನ್ನೂ ಬೆರಳಿಂದ ಮುಟ್ಟಿ ನೋಡಿದ್ದೆ. ಈಗ ಮೂರನೆಯ ಗೇರಿನ ಹಲ್ಲುಗಳ ತುದಿಗಳು ಒಂದು ಮಗ್ಗುಲಿಗೆ ಇಲಿ ಕಡಿದ ರೊಟ್ಟಿಯ ಹಾಗಿದ್ದವು. ಎರಡನೆಯದರ ಹಲ್ಲುಗಳು ಅದಕ್ಕಿಂತ ಹೆಚ್ಚು. ಅಕ್ಬರಸಾಬ ಮೊದಲನೆಯ ಗೇರಿನ ಗಾಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಹಲ್ಲುಗಳು ಮುರಿದೇ ಹೋಗಿದ್ದವು. ಮುರಿದ ಜಾಗ ಬೆಳ್ಳಿಯ ಹಾಗೆ ಹೊಸದಾಗಿತ್ತು, ಅದಾದ ಮೇಲೆ ಆ ಗಾಲಿ ತಿರುಗಿಯೇ ಇಲ್ಲ. ಅವನು ಅದನ್ನು ಒರೆಸಿ ನನ್ನ ಕೈಗೆ ಕೊಟ್ಟ. ಆಮೇಲೆ ಹೇಳಿದ: "ಹೊಳಬಸಪ್ಪ, ಇದು ಜಿಗದು ಹೋದವನ ಕೈ ಅಲ್ಲೋ. ಕಡೀತನಾ ಹಿಡದ ಕುಂತವನ ಕೈ ಇದು."

ಕೋರ್ಟಿನಲ್ಲಿ ಆ ಚಕ್ಕಡಿಯವನು ಸಾಕ್ಷಿ ಹೇಳಿದ, ನಿನ್ನನ್ನು ರಸ್ತೆಯ ಬದಿಯಲ್ಲಿ ನೋಡಿದೆನೆಂದು, ಲಾರಿ ಮುಂದೆ ಹೋಗಿ ಮರಕ್ಕೆ ಹೊಡೆದಿತ್ತೆಂದು. ಊರೆಲ್ಲ ಆಡಿಕೊಂಡಿತು, ಗೋಣ್ಯಾ ಜಿಗಿದ, ವೈನಿಯನ್ನು ಬಿಟ್ಟು ಜಿಗಿದ ಎಂದು. ನ್ಯಾಯಾಧೀಶರು ಕೇಳಿದ್ದಕ್ಕೆಲ್ಲ ನೀನು "ಹೌದ್ರಿ, ಹೌದ್ರಿ" ಎಂದೆ. ಹಾನಗಲ್ಲು ದಾಟಿದ ಮೇಲಿನ ಇಳಕಲಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟದ್ದು ನಿಜ. ಆದರೆ ಪೆಟ್ರೋಲು ಉಳಿಸಲು ಇಳಿಜಾರಿನಲ್ಲಿ ಗೇರು ತೆಗೆದು ಬಿಡದ ಡ್ರೈವರನನ್ನು ಈ ರಸ್ತೆಯಲ್ಲಿ ನನಗೆ ತೋರಿಸಲಿ. ಅಪ್ಪ ನಮ್ಮಿಬ್ಬರಿಗೂ ಕಲಿಸಿದ ಮೊದಲ ಪಾಠವೇ ಅದು: "ಏರಿಗೆ ಎಣ್ಣಿ, ಇಳಕಲಿಗೆ ದೇವ್ರು." ಬ್ರೇಕು ಕಾದು ಕೈಕೊಟ್ಟಾಗ ನೀನು ಮೂರನೆಯದಕ್ಕೆ ಹಾಕಲು ನೋಡಿದ್ದೀ. ಆ ವೇಗದಲ್ಲಿ ಅದು ಕೂಡಲಿಲ್ಲ. ಎರಡನೆಯದಕ್ಕೆ ನೋಡಿದ್ದೀ. ಅಲ್ಲಿಂದ ಮೊದಲನೆಯದಕ್ಕೆ. ಅದು ಆಗದ ಮಾತೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಜಿಗಿಯುವವನು ಮೂರನೆಯದು ಸಿಗದಾಗಲೇ ಜಿಗಿಯುತ್ತಾನೆ, ಮೊದಲನೆಯದರ ಹಲ್ಲು ಮುರಿಯುವ ತನಕ ಕೂರುವುದಿಲ್ಲ. ಗಾಡಿ ವಾಲಿದಾಗ ಅದೇ ನಿನ್ನನ್ನು ಎಸೆದಿದೆ. ಇದನ್ನು ಯಾಕೆ ಹೇಳಲಿಲ್ಲ ನೀನು? ಯಾರಿಗೂ ಬೇಡ, ನನಗಾದರೂ? ನಾನು ಕೇಳಲು ಬರಲಿಲ್ಲ, ಅದೂ ನಿಜ. ಆ ಗಾಲಿಗಳನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಅವ್ವ ಚಹಾ ತಂದಳು. "ಯಾಕೋ, ಕಣ್ಣಿಗೆ ಚಿಮಣಿಎಣ್ಣಿ ಸಿಡೀತೇನು?" ಎಂದಳು. ಹೂಂ ಎಂದೆ.

ಮರುದಿನ ಆ ಮೂರು ಗಾಲಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದೆ. ಮಾವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ಬೀಜ ಹಸನು ಮಾಡುತ್ತಿದ್ದ. ಸರೋಜಾ ಬಾಗಿಲಲ್ಲಿದ್ದಳು. ಎತ್ತರವಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ, ಥೇಟು ಅವಳ ತಾಯಿ. ನನ್ನನ್ನು ನೋಡಿ ಓಡಿ ಬರಲಿಲ್ಲ. ಒಳಗೆ ಹೋಗಿ ಚಾಪೆ ತಂದು ಹಾಸಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು. "ಬರ್ರಿ, ಕುಂತ್ಕೋರಿ. ಆರಾಮ ಅದೀರೇನ್ರಿ?" ಎಂದಳು. ಗೋಣೆಪ್ಪ, ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ ಹೇಳಿದಳು. ಆ ಮಗು ಮಾತು ಕಲಿತಾಗಿನಿಂದ ನನ್ನನ್ನು ಹೋಗೋ ಬಾರೋ ಎಂದೇ ಕರೆಯುತ್ತಿದ್ದಳು, ನಿನ್ನ ವೈನಿ ಎಷ್ಟು ಬೈದರೂ ಬಿಟ್ಟಿರಲಿಲ್ಲ. ಈಗ ಯಾರೋ ಅವಳಿಗೆ ಮರ್ಯಾದೆ ಕಲಿಸಿದ್ದಾರೆ. ತಂಬಿಗೆಯನ್ನು ಹಾಗೆಯೇ ಕೆಳಗಿಟ್ಟೆ.

ಟವೆಲು ಬಿಚ್ಚಿ ಗಾಲಿಗಳನ್ನು ಮಾವನ ಮುಂದಿಟ್ಟೆ. ಅವನು ನೋಡಿ, "ಏನೋ ಇದು, ಹಲ್ಲ ತಗೊಂಡ ಬಂದಿ? ನಾ ಏನ ಹಲ್ಲ ಕೀಳೂ ಡಾಕ್ಟರಾ?" ಎಂದ. ನಾನು ಒಂದೊಂದೇ ತೋರಿಸಿ ಹೇಳಿದೆ, ಇದು ಮೂರನೆಯದು, ಇದು ಎರಡನೆಯದು, ಇದು ಮೊದಲನೆಯದು. ನನ್ನ ಜೀವಮಾನದಲ್ಲಿ ಅಷ್ಟು ಮಾತು ಒಮ್ಮೆಲೇ ಆಡಿದ್ದಿಲ್ಲ. ಅವನು ಕೇಳುತ್ತ, ಮುರಿದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದ. ಬೆರಳು ಕುಯ್ದು ರಕ್ತ ಬಂತು, ಪಂಚೆಗೆ ಒರೆಸಿಕೊಂಡ. ಆಮೇಲೆ ಹೇಳಿದ: "ನೀ ಅಂದದ್ದು ಖರೇ ಇರಬಹುದು. ಖರೇ ಅಂತ ನಾ ಒಪ್ಪಿಕೊಂಡ್ರ, ನಾಳೆಯಿಂದ ಯಾರ ಮ್ಯಾಲೆ ಸಿಟ್ಟ ಮಾಡ್ಲಿ ಹೇಳು? ಈ ಕಬ್ಬಿಣದ ಮ್ಯಾಲೆ? ನನಗ ಒಬ್ಬಾಂವ ಮನಶ್ಯಾ ಬೇಕಲೋ. ಇಲ್ಲಾಂದ್ರ ನಾ ಬದಕೂದ ಹೆಂಗ?" ಅವನು ಮುಂದುವರಿಸಿದ: "ಮಗಳು ನಿಂದು, ಇಲ್ಲ ಅನ್ನೂದಿಲ್ಲ. ಜೂನಕ್ಕ ಸಾಲಿಗೆ ಹಾಕಬೇಕು, ಹೋಳಿ ಆದಮ್ಯಾಲೆ ಕರಕೊಂಡ ಹೋಗು. ಆದ್ರ ಅಂವ ಬರೂದಾದ್ರ ಇಕಿ ಬರೂದಿಲ್ಲ. ಎರಡರಾಗ ಒಂದು. ಈಗ ಇಲ್ಲೇ ಹೇಳಿ ಹೋಗು." ಸರೋಜಾ ಚಹಾದ ಬಟ್ಟಲು ಹಿಡಿದು ಬಂದು, ಒಂದು ಗಾಲಿಯನ್ನು ಮುಟ್ಟಿ, "ಇದು ಯಾರ್ದು ಆಟಿಗಿ ಸಾಮಾನ್ರಿ?" ಎಂದು ಕೇಳಿದಳು. ಮಾವ ಗಾಲಿಗಳನ್ನು ಟವೆಲಿನಲ್ಲಿ ಸುತ್ತಿ ನನ್ನ ಕಡೆ ಸರಿಸಿದ. ಚಹಾ ಕುಡಿದು, ಹೇಳಬೇಕಾದದ್ದನ್ನು ಹೇಳಿ ಸಂಜೆಯ ಬಸ್ಸಿಗೆ ಬಂದೆ.

ಗೌಸನ ಗಾಡಿಗೆ ಮೂರು ಗೇರಿನದನ್ನೇ ಹಾಕಿದೆ. ನಾಲ್ಕರದ್ದರಲ್ಲಿ ಹಾಕಲು ಉಳಿದದ್ದಾದರೂ ಏನು? ಮೊನ್ನೆ ಬೆಳಿಗ್ಗೆ ದುಂಡಸಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ಮೊದಲ ಸಲ ಗೌಸ, ಲಾರಿಯವರ ಜೊತೆ ತಿರುಗಿದ ರೂಢಿ ನೋಡು, ಖಾಲಿ ಗಾಡಿಗೆ ಮೊದಲನೆಯದು ಯಾಕೆಂದು ಎರಡನೆಯ ಗೇರಿನಲ್ಲೇ ಎಬ್ಬಿಸಿದ. ಗಾಡಿ ಗೊರಕೆ ಹೊಡೆದು ನಿಂತಿತು. ಅಕ್ಬರಸಾಬ, "ಮಾಲಕ್ರ, ಹಿಂಗ ಎಬ್ಬಿಸಿದ್ರ ಎಲಿ ಅಲ್ಲ, ಎಲಿ ಬಳ್ಳಿನೂ ಒಣಗ್ತೈತ್ರಿ," ಎಂದ. ಎರಡನೆಯ ಸಲ ಕ್ಲಚ್ಚನ್ನು ಮೆಲ್ಲಗೆ ಬಿಡಲು ಹೇಳಿಕೊಟ್ಟೆ, ಮೊದಲ ಪೆಟ್ಟನ್ನು ಹಲ್ಲಿನ ಮೇಲೆ ಹಾಕದೆ ಹಿಂದಿನ ಗಾಲಿಗಳೇ ಜಾರಿ ತಿನ್ನಲಿ ಎಂದು. ಧೂಳೆದ್ದದ್ದೊಂದು ಕಂಡಿತು, ಆಮೇಲೆ ಅವನು ಆಲದ ಮರದ ಹತ್ತಿರವಿದ್ದ. ಪೆಟ್ಟಿಗೆ ತಡೆಯಿತು. ಓಟದ ದಿನವೂ ತಡೆದೀತೆಂದು ಹೇಳಲಾರೆ. ಗೆಲ್ಲುತ್ತಾನೋ ಬಿಡುತ್ತಾನೋ, ಅದು ನನಗೆ ಅಷ್ಟು ಮುಖ್ಯವಲ್ಲ. ಹಲ್ಲು ಮುರಿದ ಗಾಲಿಗಳನ್ನು ಗುಜರಿಗೆ ಹಾಕಿಲ್ಲ. ಖಾಲಿಯಾದ ಲಾರಿ ಅಂಗಳದಲ್ಲಿ ಹಾಗೆಯೇ ನಿಂತಿದೆ. ಹೊಟ್ಟೆಯೊಳಗಿನದು ತೆಗೆದರೆ ಜಾಗ ಬಿಡುವಾದೀತೆಂದು ತಿಳಿದಿದ್ದೆ. ಬಾವಿಗೆ ಈಗಲೂ ಅದನ್ನು ಬಳಸಿಯೇ ಹೋಗಬೇಕು.

ಬಹಳ ಬರೆದೆ. ನಿನಗೆ ಓದು ನಿಧಾನ, ತುಂಡು ತುಂಡಾಗಿ ಓದಿಕೋ. ಕೆಮ್ಮಿಗೆ ಬಿಸಿನೀರು ಸಿಕ್ಕರೆ ಕುಡಿ. ಯಾರ ಸಂಗಡವೂ ಜಗಳ ಬೇಡ, ಇರುವ ದಿನಗಳು ಸುಸೂತ್ರ ಕಳೆಯಲಿ. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆಂದು ಬರೆಯಲು ಹೇಳಿದ್ದಾಳೆ. ಅಕ್ಬರಸಾಬ ಸಲಾಂ ಹೇಳಿದ್ದಾನೆ, ನಿನ್ನ ಕೈಯನ್ನು ತಾನು ಗುರುತಿಸಿದೆನೆಂದು ಮರೆಯದೆ ಬರೆ ಎಂದ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಹೊಳಬಸಪ್ಪ

ತಾ.ಕ.: ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಪತ್ರ ಕೊಡಬೇಕು, ಅವನು ಹಾರ್ನು ಹೊಡೆಸುತ್ತಿದ್ದಾನೆ. ಇಷ್ಟೆಲ್ಲ ಬರೆದೆ, ಇದೊಂದನ್ನು ಬರೆಯಲಾಗಲಿಲ್ಲ. ಗೋಣೆಪ್ಪ, ಬಿಟ್ಟ ದಿನ ಮನೆಗೆ ಬರಬೇಡ. ಮುಂಬೈಗೂ ಹೋಗಬೇಡ. ಬಸ್ಸಿನಲ್ಲಿ ನಮ್ಮೂರಿಗಿಂತ ಮೊದಲು ಸಿಗುವ ತಡಸದ ತನಕ ಟಿಕೀಟು ತೆಗೆಸು, ಅಲ್ಲಿ ಇಳಿ, ನಾನು ಬೆಳಿಗ್ಗೆಯಿಂದಲೇ ಅಲ್ಲಿ ನಿಂತಿರುತ್ತೇನೆ. ಸವಣೂರಿನಲ್ಲಿ ಗೌಸನ ಎಲೆತೋಟದಲ್ಲಿ ನಿನಗೊಂದು ಖೋಲಿ, ಬಳ್ಳಿ ಕಟ್ಟುವ ಕೆಲಸ ಮಾತಾಡಿದ್ದೇನೆ. ಸ್ಟೇರಿಂಗು ಮುಟ್ಟುವುದು ಬೇಡ. ಸರೋಜಾ ಅದೇ ವಾರ ಮನೆಗೆ ಬರುತ್ತಾಳೆ. ಅವ್ವನಿಗೆ ಇನ್ನೂ ಹೇಳಿಲ್ಲ, ಅವಳು ನಿನ್ನ ಖೋಲಿಗೆ ಎರಡನೇ ಸಲ ಸುಣ್ಣ ಹೊಡೆಸುತ್ತಿದ್ದಾಳೆ. ಮಾವನಿಗೆ ಮಾತು ಕೊಟ್ಟು ಬಂದೆ. ಹಲ್ಲು ನೋಡುವ ಮೊದಲಲ್ಲ ಗೋಣೆಪ್ಪ, ನೋಡಿದ ಮೇಲೆಯೇ ಕೊಟ್ಟೆ.